ಗೋಡೆಗೆ ಮುಖ ಮಾಡಿದ ಒಲೆ

ಮೂಳೆಯೋ ಕಲ್ಲೋ ಗೊತ್ತಾಗದ ಚೂರೊಂದು ಜರಡಿಯಲ್ಲಿ ಉಳಿದರೆ, ಅಗೆದ ಮಣ್ಣು ಸೋಸುವ ಆಯಿ ಅದನ್ನು ಸೆರಗಿಗೆ ಒರೆಸಿ, ನಾಲಗೆ ಹೊರಚಾಚಿ, ಅದರ ತುದಿಗೆ ಒತ್ತಿ ಕೈ ಬಿಡುತ್ತಿದ್ದಳು. ಚೂರು ಕೆಳಗೆ ಬಿದ್ದರೆ ಕಲ್ಲು. ಅಂಟಿಕೊಂಡು ನಿಂತರೆ ಹಳೆಯ ಮೂಳೆ. ಹೊಗೆಸೊಪ್ಪಿನ ಮಿಶ್ರಿ ತಿಕ್ಕಿ ತಿಕ್ಕಿ ಕಪ್ಪಾದ ಹಲ್ಲುಗಳ ನಡುವಿನಿಂದ ಹೊರಬಂದ ಆ ನಾಲಗೆಯ ಮೇಲೆ ಚೂರು ನೇತಾಡುತ್ತಿರುವಾಗಲೇ ಅವಳು ನನ್ನತ್ತ ಹುಬ್ಬು ಹಾರಿಸುತ್ತಿದ್ದಳು, 'ಬರಕೋ, ಎಲುಬು' ಎಂಬಂತೆ. ಈ ಪರೀಕ್ಷೆ ಕಲಿಸಿದವರು ಉತ್ಖನನದ ಮುಖ್ಯಸ್ಥರಾದ ನಮ್ಮ ಸರ್. ಆದರೆ ಅವರು ತಮ್ಮ ಸ್ವಂತ ನಾಲಗೆಗೆ ಒಂದು ಚೂರನ್ನೂ ಮುಟ್ಟಿಸಿದ್ದನ್ನು ನಾನು ಕಂಡಿಲ್ಲ. ಉತ್ಖನನ ನೋಡಲು ಬಂದಿದ್ದ ಹೆಂಗಸೊಬ್ಬಳು ಒಮ್ಮೆ ಆಯಿಯನ್ನು ಕಂಡು ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದು ಓಡಿದಳು. ನನಗೂ ಓಕರಿಕೆ ಬಂದದ್ದು ಸುಳ್ಳಲ್ಲ. ಯಾವುದಕ್ಕೆ ಓಕರಿಸಬೇಕಿತ್ತೋ ಅದಕ್ಕೆ ಆಗ ನಾನು ಓಕರಿಸಲಿಲ್ಲ. ಆ ಹೇಸಿಗೆ ನನಗೆ ತಡವಾಗಿ ಹತ್ತಿತು. ಹತ್ತಿದ ಮೇಲೆ ಬಿಟ್ಟಿಲ್ಲ.

ಅದು ಮುಂಬಯಿಯ ಮಲಾಡಿನ ಪಶ್ಚಿಮಕ್ಕೆ, ಕಡಲಿನ ನೀರು ಒಳನುಗ್ಗುವ ಖಾಡಿಯ ಕಡೆಗೆ ಇದ್ದ ಹಳೆಯ ತೆಂಗಿನ ವಾಡಿ. ಪೋರ್ಚುಗೀಸರ ಕಾಲದಲ್ಲಿ ದೊಡ್ಡ ಎಸ್ಟೇಟಾಗಿತ್ತಂತೆ. ಒಡೆಯರ ಬಂಗಲೆ ಎಂದೋ ನೆಲಸಮವಾಗಿತ್ತು. ಅದರಿಂದ ಐವತ್ತು ಹೆಜ್ಜೆ ದೂರದಲ್ಲಿ, ಹೊಗೆ ಒಡೆಯರ ಮೂಗಿಗೆ ಬಡಿಯದಿರಲೆಂದು ಬೇರೆಯಾಗಿ ಕಟ್ಟಿಸಿದ್ದ ಅಡುಗೆಮನೆಯ ಅಡಿಪಾಯ ಮಾತ್ರ ಉಳಿದಿತ್ತು. ಜಾಗ ಬಿಲ್ಡರನ ಕೈಗೆ ಹೋಗಿತ್ತು. ಟವರ್ ಏಳುವ ಮೊದಲು ಅಗೆದು ನೋಡಲು ಸರ್‌ಗೆ ಮೂರು ತಿಂಗಳು ಸಿಕ್ಕಿತ್ತು. ಅಗೆದಲ್ಲಿ ಸಿಕ್ಕಿದ್ದನ್ನೆಲ್ಲ ಅಳೆದು ಗ್ರಾಫ್ ಹಾಳೆಯ ಮೇಲೆ ಚಿತ್ರ ಬರೆಯುವುದು ನನ್ನ ಕೆಲಸ. ನನ್ನ ಮೊದಲ ನೌಕರಿ ಅದು.

ಆ ಅಡುಗೆಮನೆಯಲ್ಲಿ ದುಡಿದವರು ಗುಲಾಮರು. ಹಡಗಿನಲ್ಲಿ ಆಫ್ರಿಕಾದ ಕಡೆಯಿಂದ ತಂದವರು ಕೆಲವರು, ಬರಗಾಲದಲ್ಲಿ ಹೊಟ್ಟೆಗಿಲ್ಲದೆ ಮಾರಾಟವಾದ ಈ ಕಡೆಯವರು ಕೆಲವರು. ಎಸ್ಟೇಟಿನ ಹಳೆಯ ದಸ್ತಾವೇಜೊಂದರ ನಕಲನ್ನು ಸರ್ ನನಗೆ ತೋರಿಸಿದ್ದರು. ಎತ್ತು, ಗಾಡಿ, ತಾಮ್ರದ ಹಂಡೆ, ಅಡುಗೆಯ ಹೆಂಗಸರು: ಎಲ್ಲ ಒಂದೇ ಪಟ್ಟಿಯಲ್ಲಿ. ಎತ್ತುಗಳಿಗೆ ಹೆಸರಿತ್ತು. ಹೆಂಗಸರಿಗೆ ಇರಲಿಲ್ಲ. "ಈ ಮೂಕರ ದನಿ ಜಗತ್ತಿಗೆ ಕೇಳಬೇಕು" ಎಂದು ಸರ್ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಹೇಳುವಾಗ ಅವರ ಗಂಟಲು ನಿಜವಾಗಿಯೂ ಕಟ್ಟುತ್ತಿತ್ತು.

ಅದೇ ಜಾಗದಲ್ಲಿ ಕುಡಿಯುವ ನೀರು ಎರಡು ಥರ. ನಮ್ಮ ಡೇರೆಯೊಳಗೆ ಫಿಲ್ಟರಿನ ಜಾರು, ಅದರ ಪಕ್ಕ ಗಾಜಿನ ಲೋಟ. ಹೊರಗೆ ಬಿಸಿಲಿನಲ್ಲಿ ನೀಲಿ ಡ್ರಮ್ಮು, ಅದಕ್ಕೆ ಸುತಲಿ ಹಗ್ಗದಿಂದ ಕಟ್ಟಿದ ಪ್ಲಾಸ್ಟಿಕ್ ಮಗ್ಗು. ಕಟ್ಟಿದ್ದು ಯಾಕೆಂದರೆ ಆ ಮಗ್ಗು ತಪ್ಪಿಯೂ ಡೇರೆಯೊಳಗೆ ಬರಬಾರದು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಒಂದು ದಿನ ಆಯಿ ಬಾಯಾರಿ ಡೇರೆಯ ಬಾಗಿಲಿಗೆ ಬಂದಾಗ ಸರ್ ತಾವೇ ಎದ್ದು, ಬಲು ಮರ್ಯಾದೆಯಿಂದ, ಅವಳ ಬೊಗಸೆಗೆ ಮೇಲಿನಿಂದ ನೀರು ಹೊಯ್ದರು. ಅವಳು ಬಗ್ಗಿ ಕುಡಿದಳು. ನಾನು ಪಕ್ಕದಲ್ಲೇ ಕೂತು ಗಾಜಿನ ಲೋಟದಲ್ಲಿ ಕುಡಿಯುತ್ತಿದ್ದೆ. ಥೂ ನನ್ನ ಜನ್ಮಕ್ಕೆ. ನನಗೆ ಅದು ಕಾಣಿಸಲೇ ಇಲ್ಲ.

ಆಯಿ ಇಂಡಿ ತಾಲ್ಲೂಕಿನವಳು. ಮದುವೆಯಾದ ವರ್ಷವೇ ಗಂಡನ ಬೆನ್ನು ಹಿಡಿದು ಮುಂಬಯಿಗೆ ಬಂದು, ಅರ್ಧ ಮಲಾಡಿಗೆ ಮರಳು ಸೋಸಿದವಳು. ಜರಡಿ ಅವಳ ಕೈಯಲ್ಲಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಕೂಲಿಯವರೆಲ್ಲ ಅವಳನ್ನು ಜರಡಿಯ ಹೆಸರಿನಿಂದಲೇ 'ಸಾಣಿಗಿ ಆಯಿ' ಎನ್ನುತ್ತಿದ್ದರು, ನಾನು ಬರೀ ಆಯಿ. ನಾನು ಕನ್ನಡದವಳೆಂದು ಗೊತ್ತಾದ ದಿನವೇ ಅವಳು ನನ್ನ ಜಾತಕ ಜಾಲಾಡಿದಳು.

"ಯಾವೂರ ಯವ್ವಾ ನಿಂದು?"

"ಆಂಟಾಪ್ ಹಿಲ್ ಆಯಿ."

"ಅದೆಲ್ಲಿ ಊರ, ಇಳಿಯೂ ಸ್ಟಾಪ್. ಊರ ಯಾವ್ದು ಕೇಳಿದೆ."

ಅಪ್ಪನ ಊರು ಹೇಳಿದೆ. ಅದು ಅವಳ ತವರಿನಿಂದ ಎರಡು ಹರದಾರಿ. ಅಂದಿನಿಂದ ಅವಳ ರೊಟ್ಟಿಯ ಗಂಟಿನಲ್ಲಿ ನನಗೊಂದು ರೊಟ್ಟಿ, ಶೇಂಗಾ ಚಟ್ನಿ ಖಾಯಂ. ಸರ್ ಕಾಣದಂತೆ ನಾನು ಅದನ್ನು ಗಿಡಗಳ ಹಿಂದೆ ಹೋಗಿ ತಿನ್ನುತ್ತಿದ್ದೆ. ಕೂಲಿಯವಳ ರೊಟ್ಟಿ ತಿನ್ನುವುದನ್ನು ಅವರು ನೋಡಿದರೆ ನಾನೂ ಡ್ರಮ್ಮಿನ ಕಡೆಯವಳಾಗಿ ಬಿಡುತ್ತೇನೇನೋ ಎಂಬ ಹೆದರಿಕೆ. ಸರ್‌ಗೆ ಕನ್ನಡ ಬಾರದು, ಆಯಿಯ ಹಿಂದಿ ಅಷ್ಟಕ್ಕಷ್ಟೆ. ಹೀಗಾಗಿ ಇಬ್ಬರ ನಡುವಿನ ಮಾತು ದಾಟಿಸುವುದೂ ನನ್ನ ಪಾಲಿಗೇ ಬಂತು.

ಸರ್‌ಗೆ ಬೇಕಾದದ್ದು ಚೀನೀ ಪಿಂಗಾಣಿ. ಒಡೆಯರ ದೊಡ್ಡ ಒಲೆಯ ಬಳಿ ನೀಲಿ ಹೂವಿನ ತಟ್ಟೆಯ ಚೂರುಗಳು ಸಿಕ್ಕಾಗ ಅವರು ಮಗುವಿನಂತೆ ಕುಣಿದರು. ಆಯಿ ಮಾತ್ರ ಹಿಂದಿನ ಗೋಡೆಯ ಮೂಲೆಯಲ್ಲಿ, ಎಲ್ಲರೂ ಕಸದ ಗುಂಡಿ ಎಂದು ಕೈಬಿಟ್ಟ ಕಡೆ, ಕುಕ್ಕರಗಾಲಲ್ಲಿ ಕೂತು ಬೂದಿ ಕೆದರುತ್ತಿದ್ದಳು.

"ಇದು ಕಸ ಅಲ್ಲ, ಒಲಿ," ಎಂದಳು ಒಂದು ಮಧ್ಯಾಹ್ನ. "ಕದ್ದು ಉಣ್ಣಾವ್ರ ಒಲಿ."

ನಾನು ನಕ್ಕೆ. ಅವಳು ನಗಲಿಲ್ಲ. "ನೋಡಿಲ್ಲಿ. ಒಂದ ಗಡಿಗಿ ಇಡೂವಷ್ಟ ಜಾಗ. ಒಲಿ ಬಾಯಿ ಅಂಗಳದ ಕಡಿ ಇರಬೇಕಿಲ್ಲೋ? ಇದರ ಮಾರಿ ಗ್ವಾಡಿ ಕಡಿ ಐತಿ. ಉರಿ ಯಾರಿಗೂ ಕಾಣಬಾರ್ದಂತ ಹಿಂಗ ಹಾಕ್ಯಾಳ. ದಣೀರಿಗೆ ಮೂವತ್ತ ಮಂದಿ ಅಡಗಿ ಮಾಡಿ, ತಾ ಇಲ್ಲಿ ಏನ ಬೇಯಿಸ್ಕೊಂಡ್ಲು ನೋಡ" ಎಂದು ಅಂಗೈ ಬಿಚ್ಚಿದಳು. ಮೀನಿನ ತಲೆಯ ಮೂಳೆ, ಖಾಡಿಯ ಚಿಪ್ಪು, ಒಳಗಿನ ನೆಣ ಹೀರಲೆಂದು ಸಣ್ಣಗೆ ಜಜ್ಜಿದ ಕಾಲಿನ ಎಲುಬು. ಒಡೆಯರ ಎಂಜಲಿನಿಂದ ಆರಿಸಿದ್ದು.

ಮರುದಿನ ಅವಳು ಕುಂಚದಿಂದ ಬೂದಿ ಸರಿಸಿದಾಗ ಒಲೆಯ ಮಣ್ಣಿನ ಮೇಲೆ ಬೆರಳಿನ ಗೆರೆಗಳು ಎದ್ದವು. ಸಾರಿಸಿದ ಕೈಯ ಗುರುತು! ನಾಲ್ಕು ಬೆರಳು ಜೋಡಿಸಿ ಕಮಾನಿನಂತೆ ಎಳೆದದ್ದು, ಸಾಲು ಸಾಲಾಗಿ. ದೊಡ್ಡ ಒಲೆಗೆ ಬರೀ ಸುಣ್ಣ ಬಳಿದಿದ್ದರು. ಈ ಪುಟ್ಟ ಒಲೆಗೆ ಪದರದ ಮೇಲೆ ಪದರ ಸಾರಣೆ, ಎಷ್ಟೋ ಸಲದ್ದು. ಆಯಿ ತನ್ನ ಬೆರಳುಗಳನ್ನು ಗೆರೆಗಳ ಮೇಲೆ, ಮುಟ್ಟದೆ, ಗಾಳಿಯಲ್ಲಿ ಆಡಿಸಿ ನೋಡಿದಳು. ಬಲಗೈ ಕೂಡಲಿಲ್ಲ. ಎಡಗೈ ಆಡಿಸಿದಳು. ಕೂಡಿತು.

"ಇಕಿ ಎಡಗೈಯಾಕಿ ಇದ್ಲು" ಎಂದಳು. "ಸಣ್ಣ ಕೈ. ಹುಡುಗಿನೇ ಇರಬೇಕು."

ಹೆಸರಿಲ್ಲದೆ ಎತ್ತಿನ ಪಕ್ಕ ಪಟ್ಟಿಯಲ್ಲಿ ನಿಂತವರಲ್ಲೊಬ್ಬಳು, ಎಡಗೈಯವಳು, ಸಣ್ಣ ಕೈಯವಳು, ಕದ್ದು ಬೇಯಿಸುವ ಒಲೆಯನ್ನೂ ಸಾರಿಸದೆ ಬಿಡದವಳು, ನಮ್ಮ ಮುಂದೆ ಇದ್ದಳು. ಸರ್ ಓಡಿಬಂದರು, ಮೊಣಕಾಲೂರಿ ನೋಡಿದರು, ಈ ಸಲ ಕುಣಿಯಲಿಲ್ಲ. "ಇದು ಇಡೀ ಸೈಟಿನಲ್ಲೇ ದೊಡ್ಡದು," ಎಂದರು. "ಇವತ್ತು ಕತ್ತಲಾಗುವ ಮೊದಲು ಪ್ರತಿ ಗೆರೆಯನ್ನೂ ಅಳೆದು ಬರೆದಿಟ್ಟುಬಿಡು. ನಾಳೆ ಕ್ಯಾಮೆರಾದವನು ಬರುತ್ತಾನೆ." ಹೇಳಿ ಅವರು ಯಾವುದೋ ಮೀಟಿಂಗಿಗೆ ಹೊರಟುಹೋದರು.

ಆ ಸಂಜೆ ಬಾಂದ್ರಾದಲ್ಲಿ ಗೆಳತಿ ನನಗಾಗಿ ಕಾಯುತ್ತಿದ್ದಳು. ಚಪ್ಪಲಿ ಕೊಳ್ಳುವುದಿತ್ತು. ಹೌದು, ಚಪ್ಪಲಿ. ಬೆರಳಿನ ಗೆರೆಗಳನ್ನು ಅಳೆಯಲು ಕೂತರೆ ಮೂರು ತಾಸು. ನಾಳೆ ಬೇಗ ಬಂದು ಬರೆದರಾಯಿತು ಎಂದುಕೊಂಡು ಫೋನಿನಲ್ಲಿ ಒಂದು ಫೋಟೋ ಹೊಡೆದೆ. ನನ್ನದೇ ನೆರಳು ಒಲೆಯ ಮೇಲೆ ಬಿದ್ದು ಅದರಲ್ಲಿ ಗೆರೆ ಒಂದೂ ಮೂಡಿಲ್ಲ. ಆ ಫೋಟೋ ಈಗಲೂ ನನ್ನ ಬಳಿ ಇದೆ, ಅಳಿಸುವ ಧೈರ್ಯವಾಗಿಲ್ಲ. ತಾಡಪಾಲು ಹಿಡಿದು ನಿಂತಿದ್ದ ಆಯಿ ಕೇಳಿದಳು: "ಬರಕೊಂಡಿ ಏನ? ಮುಚ್ಚಲಿ?"

"ಹೂಂ ಆಯಿ, ಎಲ್ಲಾ ಬರಕೊಂಡೀನಿ" ಎಂದೆ. ಐದೂವರೆಯ ಲೋಕಲ್ ಹಿಡಿಯಲು ಓಡಿದೆ.

ಮರುದಿನ ಅಮಾವಾಸ್ಯೆ. ನನಗೆ ಅದರ ನೆನಪೇ ಇರಲಿಲ್ಲ. ಬೇಗ ಬರುತ್ತೇನೆಂದು ಹೊರಟವಳು ದಾದರಿನಲ್ಲಿ ಗಾಡಿ ತಪ್ಪಿಸಿಕೊಂಡು, ಸರ್ ಬಂದ ಹೊತ್ತಿಗೇ ಸೈಟು ಮುಟ್ಟಿದೆ. ತಾಡಪಾಲು ತೆಗೆದಿತ್ತು. ಒಲೆಯ ಮೇಲೆ ಹೊಸ ಸಗಣಿಯ ಸಾರಣೆ, ಹಸಿ ಹಸಿಯಾಗಿ ಮಿನುಗುತ್ತಿತ್ತು. ಒಲೆಯ ಬಾಯಿಗೆ ಅರಿಶಿನ ಕುಂಕುಮ. ಮುಂದೆ ಎಲೆಯ ಮೇಲೆ ರೊಟ್ಟಿಯ ಮುರುಕು, ಒಂದು ಹರಳು ಬೆಲ್ಲ. ಆಯಿ ತಲೆತುಂಬ ಸೆರಗು ಹೊದ್ದು, ಮದುವೆ ಮನೆಯವಳಂತೆ ಖುಷಿಯಾಗಿ ನಿಂತಿದ್ದಳು. ಎಮ್ಮೆಗಳ ತಬೇಲಾಕ್ಕೆ ಹೋಗಿ ಸಗಣಿ ತಂದಿದ್ದಳಂತೆ.

"ಯಾರದರ ಆಗಲಿ, ಒಲಿ ಒಲಿನ. ಅಮಾಸಿ ದಿನ ಬೋಳ ಬಿಡಬಾರ್ದು," ಎಂದಳು ನನಗೆ. "ಎಷ್ಟ ವರ್ಷ ಆಗಿತ್ತೋ ಪಾಪ, ಆ ಹುಡುಗಿ ಒಲಿ ಸಾರ್ಸಿ."

ಸರ್ ಕೂಗಿದ ಕೂಗಿಗೆ ತೆಂಗಿನ ಮರದ ಕಾಗೆಗಳೆಲ್ಲ ಎದ್ದವು. "ಯೇ ಕ್ಯಾ ಕಿಯಾ? ಸಬ್ ಸತ್ಯಾನಾಶ್!" ಜಾಹಿಲ್, ಗವಾರ್ ಎಂದು ಬಯ್ದರು. ಮೂಕರ ದನಿಗೆ ಗಂಟಲು ಕಟ್ಟುತ್ತಿದ್ದ ಅದೇ ಬಾಯಿ. ಆಮೇಲೆ ನನ್ನತ್ತ ತಿರುಗಿ, "ನಿನ್ನೆ ಬರೆದೆಯಲ್ಲ? ಡ್ರಾಯಿಂಗ್ ಎಲ್ಲಿ?" ಎಂದರು.

"ಬರೆಯಲು ಶುರು ಮಾಡಿದ್ದೆ ಸರ್. ಇವತ್ತು ಮುಗಿಸಬೇಕು ಅನ್ನುವಷ್ಟರಲ್ಲಿ ಇವಳು..."

ಆಯಿ ನನ್ನ ಮುಖ ನೋಡಿದಳು. ಅಷ್ಟು ಹಿಂದಿ ಅವಳಿಗೆ ತಿಳಿಯುತ್ತಿತ್ತು. ಬರಕೊಂಡೀನಿ ಎಂದು ನಾನೇ ಹೇಳಿದ್ದೆ ಎನ್ನಲು ನಾಲ್ಕು ಮಾತು ಸಾಕಿತ್ತು. ಅವಳು ಆ ನಾಲ್ಕು ಮಾತು ಆಡಲಿಲ್ಲ. "ಗಲ್ತಿ ಹೋ ಗಯಾ ಸಾಬ್" ಎಂದು ತಪ್ಪೊಪ್ಪಿಕೊಂಡಳು ಅಷ್ಟೆ. ಸರ್ ಗೇಟಿನ ಕಡೆ ಕೈ ತೋರಿಸಿದರು. ನನಗೆ ಹೇಳಿದರು: "ನೀರು, ಬ್ರಷ್ಷು ತಗೋ. ಒಣಗುವ ಮೊದಲು ತೊಳೆದು ತೆಗಿ, ಬೇಗ!"

ನಾನು ಬಕೆಟ್ಟು ಹಿಡಿದದ್ದನ್ನು ಕಂಡು, ಗೇಟು ದಾಟುತ್ತಿದ್ದ ಆಯಿ ತಿರುಗಿ ನಿಂತು ಚೀರಿದಳು. "ನೀರ ಹಾಕಬ್ಯಾಡ್ರೀ! ಒಣಗಾಕ ಬಿಡ್ರಿ! ಯವ್ವಾ, ಹೇಳ ಸಾಹೇಬ್ರಿಗೆ, ಒಣಗಾಕ ಬಿಡ್ರಿ!"

"ಏನನ್ನುತ್ತಿದ್ದಾಳೆ?" ಸರ್ ಕೇಳಿದರು.

"ಏನಿಲ್ಲ ಸರ್. ಬಯ್ಯುತ್ತಿದ್ದಾಳೆ."

ಅವಳು ಇನ್ನೊಂದು ನಿಮಿಷ ಅಲ್ಲಿ ನಿಂತರೆ ನನ್ನ ಸುಳ್ಳು ಹೊರಬೀಳುತ್ತಿತ್ತು. ಹೋದರೆ ಸಾಕಾಗಿತ್ತು ನನಗೆ. ಅಷ್ಟೇ, ಬೇರೆ ಕಾರಣವಿಲ್ಲ. ನಾನು ನೀರು ಹೊಯ್ದೆ, ಬ್ರಷ್ಷಿನಿಂದ ಉಜ್ಜಿದೆ. ಸಗಣಿಯ ಜೊತೆ ಅರೆಬೆಂದ ಹಳೆಯ ಮಣ್ಣೂ ಕರಗಿ, ಕೆಂಪು ರಾಡಿಯಾಗಿ ನನ್ನ ಬೆರಳುಗಳ ನಡುವೆ ಇಳಿಯಿತು. ಎಡಗೈಯ ಹುಡುಗಿ ಹತ್ತು ನಿಮಿಷದಲ್ಲಿ ಇಲ್ಲವಾದಳು. ನನ್ನ ಕಾಲಲ್ಲಿ ಹೊಸ ಚಪ್ಪಲಿ ಇತ್ತು, ಅದಕ್ಕೆ ರಾಡಿ ಸಿಡಿಯದಂತೆ ಪಾದ ಹಿಂದಕ್ಕೆಳೆದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಅಸಹ್ಯ ಎಂದರೆ ನನಗೆ ಈಗ ಆ ಪಾದವೇ ಕಣ್ಣಿಗೆ ಬರುತ್ತದೆ.

ವರದಿಯಲ್ಲಿ ಆ ಮೂಲೆ 'ಕಸದ ಗುಂಡಿ' ಎಂದೇ ಅಚ್ಚಾಯಿತು. ಪುರಾವೆ ಇಲ್ಲದೆ ಬೇರೇನು ಬರೆಯಲು ಬರುತ್ತದೆ? ಬಿಲ್ಡರನಿಗಂತೂ ಹಾಲು ಕುಡಿದಷ್ಟು ಸಂತೋಷ.

ಎಂಟು ವರ್ಷದ ಮೇಲೆ ಅದೇ ಜಾಗದ ಟವರಿನ ಲಾಬಿಯಲ್ಲಿ 'ಹೆರಿಟೇಜ್ ಕಾರ್ನರ್' ಉದ್ಘಾಟನೆ ಎಂದು ನನಗೂ ಕರೆ ಬಂತು. ಗಾಜಿನ ಪೆಟ್ಟಿಗೆಯಲ್ಲಿ ನೀಲಿ ಹೂವಿನ ಪಿಂಗಾಣಿ, ಮೇಲೆ ಹಳದಿ ದೀಪ. ಕೆಳಗೆ ಹಿತ್ತಾಳೆಯ ಫಲಕ: ಹಳೆಯ ಎಸ್ಟೇಟಿನ ರಸಿಕರು ಎಂಥ ಊಟ ಮಾಡುತ್ತಿದ್ದರು, ಅತಿಥಿಗಳನ್ನು ಹೇಗೆ ಸತ್ಕರಿಸುತ್ತಿದ್ದರು ಎಂದೆಲ್ಲ. ಗುಲಾಮ ಎಂಬ ಶಬ್ದ ಒಂದು ಕಡೆಯೂ ಇಲ್ಲ. ಸರ್ ಶಾಲು ಹೊದ್ದು ನಗುತ್ತಿದ್ದರು. ತಟ್ಟೆಯಲ್ಲಿ ಬಂದ ಕಟ್ಲೆಟ್ಟನ್ನು ಬಾಯಿಗೆ ಇಡಲಾಗದೆ ನಾನು ಹೊರಬಾಗಿಲಿಗೆ ಬಂದೆ. ಅಲ್ಲಿ ವಾಚ್‌ಮನ್ ಯಾರನ್ನೋ ಹಿಂಬಾಗಿಲಿಗೆ ಹೋಗೆಂದು ಗದರುತ್ತಿದ್ದ. "ಪೀಛೇ ಸೇ ಜಾಓ, ಆಜ್ ಫಂಕ್ಷನ್ ಹೈ." ಗದರಿಸಿಕೊಂಡವಳು ತಿರುಗಿದಳು. ಹಲ್ಲು ಇನ್ನೂ ಕಪ್ಪಾಗಿದ್ದವು.

"ಯವ್ವಾ! ಆಂಟಾಪ್ ಹಿಲ್!" ಎಂದಳು. ನಾನು ಅಲ್ಲೇ ಅತ್ತೆ.

ಆಯಿ ಹದಿನೇಳನೆಯ ಮಾಳಿಗೆಯ ಒಂದು ಮನೆಗೆ ಭಾಕರಿ ತಟ್ಟಲು ಬರುತ್ತಿದ್ದಳು. ಕಸದ ಡಬ್ಬಿಗಳನ್ನು ಇಳಿಸುವ ಲಿಫ್ಟಿನಲ್ಲಿ ಅವಳ ಜೊತೆ ಮೇಲೆ ಹೋದೆ. ಕೊಳೆತ ಹಣ್ಣಿನ ನಾತಕ್ಕೆ ನಾನು ಮೂಗು ಮುಚ್ಚಿದರೆ ಅವಳು ನಕ್ಕಳು. ಆ ಮನೆಯ ಯಜಮಾನಿ ಒಳ್ಳೆಯವಳೇ. "ಆಯಿ ನಮ್ಮ ಮನೆಯವರೇ ಇದ್ದಂಗೆ" ಎಂದು ನನಗೆ ಕುರ್ಚಿ ಕೊಟ್ಟಳು. ಮನೆಯವರೇ ಇದ್ದಂತಿದ್ದವಳ ಸ್ಟೀಲಿನ ಲೋಟ, ತಟ್ಟೆಗಳು ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ ಫಿನೈಲ್ ಬಾಟಲಿಯ ಪಕ್ಕ ಬೋರಲಾಗಿ ಬಿದ್ದಿದ್ದವು. ಭಾಕರಿ ಮುಗಿಸಿ ಆಯಿ ಮೆಟ್ಟಿಲಿನ ಕಡೆ ಹೋಗಿ, ಹೋಗುವ ಬರುವವರಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತು ತನ್ನ ಬುತ್ತಿ ಬಿಚ್ಚಿದಳು. ನಾನೂ ಪಕ್ಕದಲ್ಲಿ ಕೂತೆ. ಎಲ್ಲ ಹೇಳಿಬಿಟ್ಟೆ: ಚಪ್ಪಲಿ, ಲೋಕಲ್, ಸುಳ್ಳು.

"ನನಗ ಅವತ್ತ ಗೊತ್ತಾತು," ಎಂದಳು ಅವಳು. "ನಿನ್ನ ಮಾರಿ ಹಂಗ ಇತ್ತು. ಕುಂಬಳಕಾಯಿ ಕಳ್ಳಿ ಹಂಗ."

"ಮತ್ಯಾಕ ಹೇಳಲಿಲ್ಲ ಆಯಿ?"

"ನಿಂದು ಮೊದಲ್ನೇ ನೌಕರಿ. ನನಗೇನು, ಮುಂಬೈದಾಗ ಸಾಣಿಗಿ ಎಲ್ಲಿಬೇಕಲ್ಲಿ ಸಿಗತಾವ." ರೊಟ್ಟಿ ಮುರಿದು ನನ್ನ ಕೈಗಿಟ್ಟಳು. ಆಮೇಲೆ ಕೇಳಿದಳು: "ಅದ ಹೋಗ್ಲಿ. ನೀರ ಹಾಕಬ್ಯಾಡ್ರಿ ಅಂದೆ. ಅದನ್ಯಾಕ ಸಾಹೇಬ್ರಿಗೆ ಹೇಳಲಿಲ್ಲ?"

ನಾನು ಕೈಯಲ್ಲಿದ್ದ ರೊಟ್ಟಿಯ ಅಂಚು ಮುರಿಯುತ್ತ ಕೂತೆ.

"ಹಳೀ ಸಾರಣಿ ಮ್ಯಾಲ ಹೊಸಾದು ಕೂಡಂಗಿಲ್ಲ ಯವ್ವಾ. ಎರಡ ದಿನ ಬಿಸಲಿಗೆ ಒಣಗಿದ್ರ ಹಪ್ಪಳ ಎದ್ದಂಗ ಏಳತೈತಿ. ಕೆಳಗ ಆ ಹುಡುಗಿ ಬೆರಳ ಹೆಂಗಿದ್ವು ಹಂಗ ಇರ್ತಿದ್ವು. ನಾನ ತಗದ ಕೊಡ್ತಿದ್ದೆ. ಹುಟ್ಟಿದಾಗಿಂದ ಅದನ್ನ ಮಾಡೀನಿ, ನನಗ ಗೊತ್ತಿಲ್ಲೇನ? ಯಾರರೇ ಕೇಳಬೇಕಿಲ್ಲ?"

ಯಾರೂ ಕೇಳಲಿಲ್ಲ. ಕೇಳದೆಯೇ ಅವಳು ಕೂಗಿ ಹೇಳಿದಳು, ಅದನ್ನು ನಾನು ಬೈಗುಳ ಎಂದು ದಾಟಿಸಿದೆ. ಆ ರೊಟ್ಟಿ ನನ್ನ ಗಂಟಲಲ್ಲೇ ನಿಂತಿತು. "ನುಂಗ ಹುಚ್ಚಿ, ನೀರ ಕುಡಿ" ಎಂದು ಅವಳು ತನ್ನ ಬಾಟಲಿ ಕೊಟ್ಟಳು. ಬಾಯಿ ಕಚ್ಚಿಯೇ ಕುಡಿದೆ.

ಆ ವಾರವೇ ಸರ್‌ಗೆ ಎಲ್ಲವನ್ನೂ ಬರೆದು ಕಳಿಸಿದೆ, ವರದಿ ತಿದ್ದಿ ಎಂದು. ಉತ್ತರ ಎರಡು ಸಾಲಿನದು. ಹಳೆಯ ಮಾತು, ಈಗ ಕೆದಕುವುದರಲ್ಲಿ ಅರ್ಥವಿಲ್ಲ, ಹೇಗಿದ್ದೀಯ. ಕೆದಕುವುದೇ ಕಸುಬಾಗಿದ್ದ ಮನುಷ್ಯ!

ಅಲ್ಲಿಂದಾಚೆ ತಿಂಗಳಿಗೊಮ್ಮೆ ಆಯಿಯ ಮನೆಗೆ ಹೋಗುತ್ತಿದ್ದೆ. ಹೊಸ ಸೈಟುಗಳಲ್ಲಿ ಮಣ್ಣು ಹೊರುವ ಹೆಂಗಸರನ್ನು ಮೊದಲು ಕೇಳಿಯೇ ಪೆನ್ಸಿಲ್ ಹಿಡಿಯುವ ರೂಢಿ ಬಿತ್ತು. ಕಳೆದ ವರ್ಷ ಮಳೆಗಾಲದ ಜ್ವರದಲ್ಲಿ ಆಯಿ ಹೋದಳು. ಸೂತಕ ಕಳೆಯುವ ದಿನ ಸೊಸೆ ಕರೆದಳು. ಮಲಾಡಿನ ನಾಲೆಯ ದಂಡೆಯ ಆ ಒಂದೇ ಕೋಣೆಯಲ್ಲಿ ಗ್ಯಾಸ್ ಇದ್ದರೂ, ಬಿಸಿನೀರಿಗೆಂದು ಆಯಿ ಕೈಯಾರೆ ಹಾಕಿದ ಮಣ್ಣಿನ ಒಲೆ ಹೊಸ್ತಿಲ ಬಳಿ ಇತ್ತು. ಅದರ ಬಾಯಿ ಓಣಿಯ ಕಡೆಗೆ. ಅವಳು ಕೊನೆಯ ಸಲ ಸಾರಿಸಿದ ಗೆರೆಗಳು ಹಾಗೆಯೇ ಇದ್ದವು, ಬಲಗೈಯವು, ತೋರುಬೆರಳಿನ ಗೆರೆ ಉಳಿದವಕ್ಕಿಂತ ಆಳ. ಸೊಸೆ ಸಗಣಿಯ ಬೋಗುಣಿ ಹಿಡಿದು ಬಗ್ಗಿದ್ದಳು. ಸೂತಕದ ಮನೆಯ ಒಲೆ ಸಾರಿಸದೆ ಹೊತ್ತಿಸುವಂತಿಲ್ಲ.

"ತಡಿ," ಎಂದೆ.

ಚೀಲದಿಂದ ಗ್ರಾಫ್ ಹಾಳೆ, ಅಳತೆಪಟ್ಟಿ ತೆಗೆದು ನೆಲಕ್ಕೆ ಕೂತೆ. ನನ್ನ ನೆರಳು ಒಲೆಯ ಮೇಲೆ ಬೀಳದಂತೆ ಸರಿದು ಕೂತೆ. ಒಂದೊಂದೇ ಗೆರೆ ಅಳೆದು ಬರೆದೆ. ಮೂರು ತಾಸು ಹಿಡಿಯಿತು. ಸೊಸೆ ಎರಡು ಸಲ ಸಗಣಿಗೆ ನೀರು ಬೆರೆಸಿಕೊಂಡಳು. ನಾಲ್ಕು ಗಂಟೆಗೆ ಅವಳು ಹದಿನೇಳನೆಯ ಮಾಳಿಗೆಗೆ ಹೋಗಬೇಕಿತ್ತು, ಅತ್ತೆಯ ಕೆಲಸ ಈಗ ಅವಳದು, ಬಾಲ್ಕನಿಯ ಆ ಲೋಟವೂ ಅವಳದೇ. ಆದರೂ ಅವಸರ ಮಾಡಲಿಲ್ಲ. ಹಾಳೆಯ ಮೂಲೆಯಲ್ಲಿ, ಮಾಡಿದವರು ಯಾರು ಎಂದು ಬರೆಯುವ ಜಾಗದಲ್ಲಿ, ಆಯಿಯ ಹೆಸರನ್ನು ಊರು ಸಮೇತ ಪೂರ್ತಿಯಾಗಿ ಬರೆದೆ.

"ಬರಕೊಂಡ್ರೀ ಏನ ಅಕ್ಕಾ?" ಎಂದು ಸೊಸೆ ಕೇಳಿದಳು. "ಸಾರ್ಸ್ಲಿ?"

ಹಾಳೆಯನ್ನು ಇನ್ನೊಮ್ಮೆ ಒಲೆಯ ಜೊತೆ ಹೋಲಿಸಿ ನೋಡಿದೆ.

"ಹೂಂ," ಎಂದೆ. "ಎಲ್ಲಾ ಬರಕೊಂಡೀನಿ. ಸಾರ್ಸು."